ದೆಲ್ಫಿನಾಳ ಕಾಲು, ಒವಿದಿಯಾಳ ಪೆಡಲು

ಯಾರಾದರೂ ಕಾರಣವಿಲ್ಲದೆ ಒಳ್ಳೆಯ ಮಾತಾಡಿದರೆ ದೆಲ್ಫಿನಾ ಸಾಂತೀನಿಗೆ ಕಸಿವಿಸಿ ಶುರುವಾಗುತ್ತಿತ್ತು. ಯಾವ್ಕೊ ಎಂಬ ಊರಿನ ಕನ್ನಡಕದಂಗಡಿಯಲ್ಲಿ ಅವಳ ಕೆಲಸ. ‘ಈಗ ಚೆನ್ನಾಗಿ ಕಾಣಿಸ್ತಿದೆ’ ಎಂದ ಗಿರಾಕಿಯನ್ನೂ ನಂಬದೆ ಗೋಡೆಯ ಅಕ್ಷರಗಳನ್ನು ಇನ್ನೊಮ್ಮೆ ಓದಿಸುತ್ತಿದ್ದಳು. ಭಾನುವಾರಗಳಲ್ಲಿ ಮಾತ್ರ ಅವಳು ಬೇರೆಯೇ ಹೆಂಗಸು. ಬೆಟ್ಟದ ಓಣಿಯ ಪುಟ್ಟ ಪ್ರಾರ್ಥನಾಮಂದಿರದ ಡಿಜಿಟಲ್ ಪಿಯಾನೊ ಮುಂದೆ ಕೂತು, ಯಾರೂ ಕಲಿಸದೆ ತಾನೇ ಕಲಿತದ್ದನ್ನು ನುಡಿಸುತ್ತಿದ್ದಳು. ಕೆಳಗೆ ವಯರಿನ ತುದಿಯಲ್ಲಿ ಒಂದು ಸಣ್ಣ ಪೆಡಲ್. ಒತ್ತಿದರೆ ನಾದ ಉಳಿಯುತ್ತದೆ, ಬಿಟ್ಟರೆ ತಟ್ಟನೆ ಅಳಿಯುತ್ತದೆ. ದೀಪದ ಸ್ವಿಚ್ಚಿನಷ್ಟು ಸಲೀಸು.

ಒಂದು ಮಧ್ಯಾಹ್ನ, ಊರೆಲ್ಲ ಗೌರವದಿಂದ ‘ದೊನ್ಯಾ’ ಎಂದು ಕರೆಯುವ ಒವಿದಿಯಾ ನೆಗ್ರೋನಿ ಕನ್ನಡಕದ ಕಾಲು ಸರಿಮಾಡಿಸಲು ಅಂಗಡಿಗೆ ಬಂದಳು. ಎಂಬತ್ತರ ಹತ್ತಿರದ ಮುದುಕಿ. ಊರಿನ ಹಳೆಯ ಸಂಗೀತ ಸಭಾಂಗಣದಲ್ಲಿ ದಾನ್ಸಾ ಎಂಬ ಜೋಡಿಕುಣಿತಕ್ಕೆ ಪ್ರತಿ ಸಲವೂ ಪಿಯಾನೊ ನುಡಿಸುತ್ತಾ ಬಂದವಳು ಅವಳೇ.

“ನನ್ನ ಮಣಿಕಟ್ಟು ಹೋಯ್ತು ಮಗಳೇ. ಈ ಸಲದ ದಾನ್ಸಾಗೆ ನೀನೇ ನುಡಿಸು.”

ದೆಲ್ಫಿನಾಳ ಕೈಯಲ್ಲಿದ್ದ ಸಣ್ಣ ತಿರುಪು ಜಾರಿ ಬಿತ್ತು. ಹಿಂದೊಮ್ಮೆ ಬ್ರೆಡ್ ಅಂಗಡಿಯಲ್ಲಿ ಇದೇ ಮುದುಕಿ ಎಲ್ಲರೆದುರು, “ಆ ಮಂದಿರದಲ್ಲಿರೋದು ಪಿಯಾನೊ ಅಲ್ಲ, ಕೀಲಿಮಣೆ ಇರೋ ಫ್ರಿಜ್ಜು” ಎಂದು ನಕ್ಕಿದ್ದಳು. ಊರಲ್ಲಿ ಶಾಸ್ತ್ರೀಯವಾಗಿ ಕಲಿತವರಿಗೇನು ಬರವೆ? ನನ್ನನ್ನೇ ಏಕೆ?

“ಯೋಚ್ನೆ ಮಾಡಿ ಹೇಳ್ತೀನಿ, ದೊನ್ಯಾ ಒವಿದಿಯಾ,” ಎಂದಳು. ಆದರೆ ಆಸೆ ತಡೆಯಲಾಗಲಿಲ್ಲ. ಮರುದಿನವೇ ಒಪ್ಪಿದಳು.

ಸಭಾಂಗಣದ ಪಿಯಾನೊ ಕಪ್ಪು ಮರದ್ದು, ಗೋಡೆಗೆ ಒರಗಿಸಿಟ್ಟದ್ದು. ದೆಲ್ಫಿನಾ ಮಂದಿರದಲ್ಲಿ ಮಾಡುವಂತೆಯೇ ಪೆಡಲ್ ಮೇಲೆ ಪಾದವಿಟ್ಟಳು. ನಾಲ್ಕು ಸಾಲು ನುಡಿಸುವಷ್ಟರಲ್ಲಿ ಎಲ್ಲ ಸ್ವರಗಳೂ ಒಂದರ ಮೇಲೊಂದು ಬಿದ್ದು ರಾಡಿಯಾಯಿತು.

“ಕಾಲೆತ್ತು,” ಎಂದಳು ಒವಿದಿಯಾ ಹಿಂದಿನ ಕುರ್ಚಿಯಿಂದ.

“ಎತ್ತಿದ್ನಲ್ಲ!”

“ಎತ್ತಿದೀನಿ ಅಂತ ನೀನು ಅಂದ್ಕೊಂಡೆ.”

ಆ ಮಾತು ಚುಚ್ಚಿತು. ಮನೆಗೆ ಬಂದು ಅಕ್ಕ ಮಿಗ್ದಾಲಿಯಾಳ ಹತ್ತಿರ ತೋಡಿಕೊಂಡಳು. ಮಿಗ್ದಾಲಿಯಾ ಬಾಳೆಕಾಯಿ ಹೋಳುಗಳನ್ನು ಎಣ್ಣೆಗೆ ಬಿಡುತ್ತಾ, “ಲೇ, ಇಷ್ಟೂ ತಿಳಿಯಲ್ವಾ? ತಾನಿಲ್ದೆ ಊರಲ್ಲಿ ದಾನ್ಸಾ ನಡೆಯಲ್ಲ ಅಂತ ತೋರಿಸ್ಬೇಕು ಅವಳಿಗೆ. ಅದಕ್ಕೊಂದು ಬಕ್ರಾ ಬೇಕಿತ್ತು. ಪಿಯಾನೊಗೇ ಏನೋ ಮಾಡಿಟ್ಟಿದಾಳೆ,” ಎಂದಳು.

ದೆಲ್ಫಿನಾ ಮಂದಿರಕ್ಕೆ ಹೋಗಿ ಅದೇ ದಾನ್ಸಾ ನುಡಿಸಿ ನೋಡಿದಳು. ತೊಳೆದಿಟ್ಟ ಗಾಜಿನಂತೆ ಸ್ವಚ್ಛವಾಗಿತ್ತು. ಅಂದ ಮೇಲೆ ತಪ್ಪು ಕಾಲಿನದಲ್ಲ.

ಒವಿದಿಯಾ ಊಟ ಮಾಡಿ ಮಲಗುವ ಹೊತ್ತು ನೋಡಿಕೊಂಡು ಸಭಾಂಗಣಕ್ಕೆ ಹೋದಳು. ಕಾವಲಿನವನಿಗೆ ಅಭ್ಯಾಸವೆಂದು ಹೇಳಿ, ಪಿಯಾನೊದ ಕೆಳಹಲಗೆಯನ್ನು ಮೆಲ್ಲನೆ ಕಳಚಿ ಇಣುಕಿದಳು. ಪೆಡಲಿನಿಂದ ಮೇಲಕ್ಕೆ ಹೋಗುವ ಕಡ್ಡಿಯ ಬುಡದಲ್ಲಿ, ಧೂಳಿನ ನಡುವೆ, ಹೊಸದಾಗಿ ಕತ್ತರಿಸಿದ ಬಾಟಲಿ ಬಿರಡೆಯ ಚೂರೊಂದನ್ನು ಸಿಕ್ಕಿಸಲಾಗಿತ್ತು. ಸಿಕ್ಕಿಬಿದ್ದಳು ಮುದುಕಿ! ಬಿರಡೆಯನ್ನು ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು.

ಮುಂದಿನ ಅಭ್ಯಾಸದ ದಿನ ಗೆಲುವಿನಿಂದಲೇ ಕೂತಳು. ಪೆಡಲ್ ಒತ್ತಿದರೆ ಪಾದ ಸುಮ್ಮನೆ ಕೆಳಗಿಳಿಯಿತು, ಏನೂ ಆಗಲಿಲ್ಲ. ಇನ್ನೂ ಒತ್ತಿದಳು. ತೀರ ತಳದಲ್ಲಿ ನಾದ ಒಂದಿಷ್ಟು ಬಾಯಿಬಿಟ್ಟು ಮತ್ತೆ ಮುಚ್ಚಿಕೊಂಡಿತು. ರಾಡಿಯೇನೋ ಹೋಗಿತ್ತು, ಆದರೆ ಹಾಡು ಒಣ ಕಟ್ಟಿಗೆಯಂತೆ ಮುರಿಮುರಿದು ಬೀಳುತ್ತಿತ್ತು.

ಒವಿದಿಯಾ ಎದ್ದು ಬಂದಳು. “ಇದನ್ನ ಬಿಚ್ಚಿದ್ಯಾರು?”

ದೆಲ್ಫಿನಾ ಬಿರಡೆಯ ಚೂರನ್ನು ಕೀಲಿಮಣೆಯ ಮೇಲೆ ಕುಕ್ಕಿದಳು. “ಇದನ್ನ ಇಟ್ಟಿದ್ಯಾರು, ಅದನ್ನ ಹೇಳಿ ಮೊದ್ಲು! ನನ್ನ ಎಲ್ಲರೆದುರು ನಗೆಪಾಟಲು ಮಾಡೋಕೆ ತಾನೇ?”

ಮುದುಕಿ ಬಿರಡೆಯ ಚೂರನ್ನು ಕೈಗೆತ್ತಿಕೊಂಡಳು. “ನಾನೇ ಇಟ್ಟಿದ್ದು. ಈ ಮಂಡಿ ಹಿಡ್ಕೊಂಡು ನೆಲದ ಮೇಲೆ ಕೂತು ಇಟ್ಟೆ. ಎಬ್ಬಿಸೋಕೆ ಇಬ್ರು ಬೇಕಾಯ್ತು. ಆ ಕಡ್ಡಿ ಸವೆದಿದೆ ಹುಡುಗಿ. ಬಿರಡೆ ಇಲ್ದಿದ್ರೆ ಅರ್ಧ ದಾರಿ ಕಾಲು ಖಾಲಿ ಹೋಗುತ್ತೆ. ನಿನಗೆ ಸುಲಭ ಆಗ್ಲಿ ಅಂತ ಇಟ್ಟೆ.”

“ನನಗೇ ಏಕೆ? ನನ್ನ ಪಿಯಾನೊನ ಫ್ರಿಜ್ಜು ಅಂದಿದ್ರಿ!”

“ಅಂದಿದ್ದೆ. ಈಗ್ಲೂ ಅಂತೀನಿ. ಆದ್ರೆ ಬೆಟ್ಟ ಹತ್ತುವಾಗ ನಿಮ್ಮ ಮಂದಿರದ ಕಿಟಕಿ ಕೆಳಗೆ ನಿಂತು ದಣಿವಾರಿಸ್ಕೋತೀನಿ. ನೀನು ಆತುರ ಬೀಳಲ್ಲ. ಕಲಿತವರೆಲ್ಲ ಓಡ್ತಾರೆ, ಕುಣಿಯೋರು ಎಡವ್ತಾರೆ. ಕಾಲಿಂದೇನು, ಕಲಿಸ್ಬಹುದು.”

ದೆಲ್ಫಿನಾಗೆ ನಾಚಿಕೆಯಾಯಿತು. ಪೂರ್ತಿ ನಂಬಿಕೆ ಬಂತೆಂದಲ್ಲ. ಆದರೂ ತಾನೇ ಬಗ್ಗಿ ಬಿರಡೆಯನ್ನು ಮತ್ತೆ ಸಿಕ್ಕಿಸಿದಳು.

“ಪೆಡಲ್ ಒತ್ತಿ ಹಿಡ್ಕೊ. ಏನೂ ನುಡಿಸ್ಬೇಡ,” ಎಂದು ಒವಿದಿಯಾ ಪಿಯಾನೊದ ಮುಚ್ಚಳ ತೆರೆದು ಒಳಕ್ಕೆ “ಓ...” ಎಂದಳು. ತಂತಿಗಳೆಲ್ಲ ಮೆಲ್ಲಗೆ “ಓ...” ಎಂದವು. ದೆಲ್ಫಿನಾಳ ತೋಳಿನ ಕೂದಲು ನಿಮಿರಿತು. ಆ ಸಂಜೆ ಮಂದಿರದ ಯಂತ್ರಕ್ಕೂ “ಓ” ಎಂದು ನೋಡಿದಳು. ಅದು ಸುಮ್ಮನೇ ಇತ್ತು.

ಆಮೇಲಿನ ದಿನಗಳಲ್ಲಿ ಅವಳು ತಿಳಿದದ್ದಿಷ್ಟು. ಇಲ್ಲಿ ಬರೀ ಪಾದದ ಭಾರ ಬಿದ್ದರೂ ಸಾಕು, ತಂತಿಯ ಮೇಲಿನ ಉಣ್ಣೆಯ ಮೆತ್ತೆಗಳು ಏಳುತ್ತವೆ. ಎದ್ದರೆ ನುಡಿಸದ ತಂತಿಯೂ ಗುನುಗುತ್ತದೆ. ಮೆತ್ತೆ ಮರಳಿ ಕೂತ ಮೇಲೂ ದಪ್ಪ ತಂತಿಗಳು ಕೂಡಲೇ ಸುಮ್ಮನಾಗುವುದಿಲ್ಲ. ಅವು ಸುಮ್ಮನಾದವೋ ಇಲ್ಲವೋ ಎಂದು ಕಿವಿಗೊಟ್ಟು, ಹೊಸ ಸ್ವರ ಹುಟ್ಟಿದ ಮೇಲೆಯೇ ಮತ್ತೆ ಒತ್ತಬೇಕು. ಅರ್ಧ ಒತ್ತುವುದೂ ಉಂಟು, ಕಾಲು ಭಾಗ ಬಿಡುವುದೂ ಉಂಟು. ಹಳೆಯ ಸ್ವರ ನಿಜವಾಗಿ ಹೋಯಿತೇ ಎಂದು ಅನುಮಾನಿಸುವ ಕೆಲಸ ಅವಳಿಗೆ ಬೇಗ ಒಗ್ಗಿತು. ಅರ್ಧ ಒತ್ತುವುದು ಮಾತ್ರ ಕಾಲಿಗೆ ಹತ್ತಲು ತಿಂಗಳುಗಳೇ ಹಿಡಿದವು.

ದಾನ್ಸಾದ ದಿನ ಸಭಾಂಗಣ ತುಂಬಿತ್ತು. ಜೋಡಿಗಳು ಕೈಹಿಡಿದು ಸುತ್ತು ಬಂದವು, ಬೀಸಣಿಗೆಗಳು ಆಡಿದವು. ಮೊದಲ ಸಾಲಿನಲ್ಲಿ ಒವಿದಿಯಾ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಮಾಡುತ್ತಿದ್ದಾಳೆಯೇ ಎಂದು ದೆಲ್ಫಿನಾಗೆ ನಡುವೆ ಸಂಶಯ ಬಂತು. ಮುಗಿದ ಮೇಲೆ ಜನ ಬಂದು ತಬ್ಬಿಕೊಂಡು, ಅದ್ಭುತ, ಸ್ವರ್ಗ ಎಂದೆಲ್ಲ ಹೊಗಳಿದರು. ಅವಳು ಒಬ್ಬೊಬ್ಬರ ಮುಖದಲ್ಲೂ ಬಾಯುಪಚಾರ ಹುಡುಕಿದಳು.

ಕೊನೆಗೆ ಒವಿದಿಯಾ ಕೋಲೂರುತ್ತಾ ಬಂದಳು. “ಮೂರನೇ ಭಾಗ ಕೆಸರು. ಎಡಗೈ ಕೆಳಗಿಳಿದಾಗ ಕಾಲೆತ್ತೋದು ತಡ ಮಾಡ್ದೆ. ಮಿಕ್ಕಿದ್ದು ಪರವಾಗಿಲ್ಲ. ಮಂಗಳವಾರ ಬಾ.”

ಅಂದು ಕೇಳಿದ ಮಾತುಗಳಲ್ಲಿ ದೆಲ್ಫಿನಾ ನಂಬಿದ್ದು ಅದೊಂದನ್ನೇ. ಮಂಗಳವಾರ ಅವಳು ಹೊರಟಾಗ ಮಿಗ್ದಾಲಿಯಾ ಬಾಗಿಲಲ್ಲಿ ಅಡ್ಡ ನಿಂತಳು. “ದಾನ್ಸಾ ಮುಗೀತಲ್ಲ, ಇನ್ನೂ ಯಾಕೆ ಕರೀತಾಳೆ? ನಿನ್ನಿಂದ ಏನೋ ಬೇಕಾಗಿದೆ ಅವಳಿಗೆ.”

“ಹೂಂ, ಬೇಕಾಗಿದೆ,” ಎಂದಳು ದೆಲ್ಫಿನಾ ಚಪ್ಪಲಿ ಮೆಟ್ಟುತ್ತಾ. “ಮೂರನೇ ಭಾಗ.”