ಮೂಟೆ ಹಿಟ್ಟಿನ ಫ್ರೇಸರ್

ನಮ್ಮ ಎಫಿ ಚಿಕ್ಕಮ್ಮ ಹುಟ್ಟಿದ್ದೂ ಫ್ರೇಸರ್ ಮನೆಯಲ್ಲಿ, ಸೇರಿದ್ದೂ ಇನ್ನೊಂದು ಫ್ರೇಸರ್ ಮನೆಯನ್ನೇ. "ಮದುವೆಯಾದ್ರೂ ಟವೆಲ್ ಮೇಲಿನ ಹೆಸರಿನ ಕಸೂತಿ ಅಕ್ಷರ ಬಿಚ್ಚೋ ಕೆಲಸ ಬೀಳ್ಲಿಲ್ಲ ನೋಡು," ಎಂದು ಬೀಗುತ್ತಿದ್ದಳು. ಸ್ಕಾಟ್‌ಲೆಂಡಿನಿಂದ ಕಡಲು ದಾಟಿ ಬಂದವರ ನಮ್ಮ ಆಂಟಿಗೊನಿಶ್ ಊರಿನಲ್ಲಿ ಕಲ್ಲೆಸೆದರೆ ಒಬ್ಬ ಫ್ರೇಸರ್‌ಗೋ ಚಿಶಮ್‌ಗೋ ತಗಲುವುದು ಖಂಡಿತ. ಆದರೆ ಆ ಹೆಸರನ್ನು ಅವಳಷ್ಟು ತಲೆಯ ಮೇಲೆ ಹೊತ್ತು ತಿರುಗಿದವರಿಲ್ಲ.

ಮೂವತ್ತೊಂದು ವರ್ಷ ಅವಳು ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದಳು. ಬುತ್ತಿ ತರದ ಮಕ್ಕಳನ್ನು ಮುಖ ನೋಡಿಯೇ ಗುರುತಿಸಿ, "ಬಾ ಇಲ್ಲಿ, ಸೂಪಿಗೆ ಉಪ್ಪು ಸಾಕಾ ಹೇಳು," ಎಂದು ಬಟ್ಟಲು ತುಂಬಿಸಿ ಕೈಗಿಡುತ್ತಿದ್ದಳು. ನಿವೃತ್ತಿಯಾದ ಮೇಲೆ ಪ್ರತಿ ಜುಲೈನಲ್ಲಿ ವಂಶಕ್ಕೊಂದು ಡೇರೆ ಹಾಕುವ ಹೈಲ್ಯಾಂಡ್ ಕ್ರೀಡಾಕೂಟದಲ್ಲಿ ಫ್ರೇಸರ್ ವಂಶದ ಡೇರೆ ಅವಳ ರಾಜ್ಯವಾಯಿತು. ಬಂದವರಿಗೆಲ್ಲ ಓಟ್ಸ್ ರೊಟ್ಟಿ ಕೊಟ್ಟು, "ನಮ್ಮ ಮೂಲಪುರುಷ ಫ್ರಾನ್ಸಿಂದ ಕುದುರೆ ಮೇಲೆ ಬಂದ ಸರದಾರ ಕಣ್ರೀ!" ಎಂದು ಶುರುಮಾಡುವಳು.

ಎದುರು ಡೇರೆಯ ಹ್ಯೂಯಿ ಚಿಶಮ್ ಅವಳ ಸೋದರಮಾವನ ಮಗ. "ಆ ಕುದುರೆ ಸುಸ್ತಾಗಿ ಸತ್ತಿರ್ಬೇಕು ಕಣೇ ಎಫಿ, ಪ್ರತಿವರ್ಷ ಓಡಿಸ್ತೀಯಲ್ಲ!" ಎಂದು ಅಲ್ಲಿಂದಲೇ ಕೂಗುವನು.

ಒಂದು ವರ್ಷ ಡೇರೆಗೆ ಸ್ಕಾಟ್‌ಲೆಂಡಿನ ಬ್ಯೂಲಿ ಊರಿನಿಂದ ಶೋನಾ ಬಿಸೆಟ್ ಎಂಬ ನರೆಗೂದಲಿನ ಹೆಂಗಸು ಬಂದಳು. ಚಿಕ್ಕಮ್ಮ ವಾಡಿಕೆಯಂತೆ ವಂಶಾವಳಿ ಒಪ್ಪಿಸಿದಳು. "ನಿಮ್ಮ ಬ್ಯೂಲಿ ಪಕ್ಕದ ಕಿಲ್ಟಾರ್ಲಿಟಿಯಿಂದ ಹೊರಟು ಹಡಗು ಹತ್ತಿದವನು ಕಾಲಿನ್. ಅವನಪ್ಪ ಥಾಮಸ್. ಥಾಮಸನಪ್ಪ ಅಲೆಕ್ಸಾಂಡರ್..."

"ಅಲೆಕ್ಸಾಂಡರನ ಹೆಂಡ್ತಿ ಮಾರ್ಜರಿ ಅಲ್ವಾ?" ಎಂದಳು ಶೋನಾ.

ಆ ಹೆಸರು ಇವಳಿಗೆ ಹೇಗೆ ಗೊತ್ತೆಂದು ಚಿಕ್ಕಮ್ಮ ರೊಟ್ಟಿಯ ತಟ್ಟೆ ಕೆಳಗಿಟ್ಟಳು. ಶೋನಾ ಚೀಲದಿಂದ ಚರ್ಚಿನ ನಾಮಕರಣ ಪುಸ್ತಕದ ನಕಲು ತೆಗೆದಳು. ಅದೇ ಅಪ್ಪ, ಅದೇ ಅಮ್ಮ, ಅದೇ ಮನೆ. ಮೊದಲ ಎರಡು ಮಕ್ಕಳು ಬಿಸೆಟ್. ಮೂರನೆಯವನು ಥಾಮಸ್ ಫ್ರೇಸರ್.

"ಅದು ಬರಗಾಲದ ವರ್ಷ," ಎಂದಳು ಶೋನಾ. "ಅಲ್ಲಿಯ ಫ್ರೇಸರ್ ದೊರೆಗೆ ತನ್ನ ಹೆಸರಿನ ಜನ ಹೆಚ್ಚು ಬೇಕಿತ್ತು. ಯಾರು ಫ್ರೇಸರ್ ಆಗ್ತಾರೋ ಅವ್ರಿಗೆ ಒಂದು ಮೂಟೆ ಓಟ್ಸ್ ಹಿಟ್ಟು. ನಿಮ್ಮ ಅಲೆಕ್ಸಾಂಡರಜ್ಜ ತಗೊಂಡ. ಅವನ ತಮ್ಮ, ನಮ್ಮ ವಂಶದಜ್ಜ, ಬೇಡ ಅಂದ."

ಹ್ಯೂಯಿಯ ಕಿವಿ ಪಾತಾಳಗರಡಿ. "ಹಂಗಾದ್ರೆ ಸರದಾರ ಕುದುರೆ ಮೇಲೆ ಬಂದಿದ್ದಲ್ಲ, ಹಿಟ್ಟಿನ ಮೂಟೆ ಮೇಲೆ!" ಎಂದು ತೊಡೆ ತಟ್ಟಿಕೊಂಡು ನಕ್ಕ. ಅಕ್ಕಪಕ್ಕದ ಡೇರೆಯವರೂ ನಕ್ಕರು.

ಚಿಕ್ಕಮ್ಮ ಎದ್ದು ಹೋಗಿ ತನ್ನ ಕಾರಿನಲ್ಲಿ ಬಾಗಿಲು ಹಾಕಿಕೊಂಡು ಕೂತಳು. ನಾನು ಚಹಾ ಒಯ್ದರೆ ಗಾಜು ಇಳಿಸಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ತಾನೇ ಇಳಿದು ಬಂದು ಶೋನಾಳ ಮುಂದೆ ನಿಂತಳು.

"ಆ ಎರಡು ಮಕ್ಕಳಿಗೆ ಆಗ ಎಷ್ಟು ವಯಸ್ಸು?"

ಶೋನಾ ಕಾಗದ ನೋಡಿದಳು. "ದೊಡ್ಡದಕ್ಕೆ ನಾಲ್ಕು, ಚಿಕ್ಕದಕ್ಕೆ ಒಂದೂವರೆ. ಥಾಮಸ್ ಹೊಟ್ಟೇಲಿದ್ದ."

"ಬಸುರಿ ಹೆಂಗಸು, ಎರಡು ಕೂಸು, ಒಲೆ ಮೇಲೆ ಏನೂ ಇಲ್ಲ. ನಾನಾಗಿದ್ರೆ ಎರಡು ಮೂಟೆ ಕೇಳ್ತಿದ್ದೆ," ಎಂದಳು ಚಿಕ್ಕಮ್ಮ. ಆಮೇಲೆ ಹ್ಯೂಯಿಯತ್ತ ತಿರುಗಿ, "ನಗೋದಿದ್ರೆ ಈಗ್ಲೇ ನಕ್ಬಿಡೋ. ಆ ಹಿಟ್ಟು ಬೇಯದೇ ಇದ್ದಿದ್ರೆ ನಿನಗೆ ರೇಗಿಸೋಕೆ ಯಾರಿರ್ತಿದ್ರು?" ಎಂದಳು.

ಮರುವರ್ಷದಿಂದ ಡೇರೆಯಲ್ಲಿ ಸರದಾರನ ಸುದ್ದಿ ನಿಂತು ಮಾರ್ಜರಿಯ ಕಥೆ ಶುರುವಾಯಿತು. ಸಂಘದ ಹಿರಿಯರೊಬ್ಬರು ವಂಶದ ಮಾನ ಹೋಯಿತೆಂದು ಮುನಿಸಿಕೊಂಡರೂ ಜನ ಮಾತ್ರ ನಿಂತು ಕೇಳಿದರು. ಅದೇ ಮರುವರ್ಷದ ವಸಂತದಲ್ಲಿ, ಕ್ರೀಡಾಕೂಟಕ್ಕೂ ಮುಂಚೆ, ಚಿಕ್ಕಮ್ಮ ಮೊದಲ ಬಾರಿ ವಿಮಾನ ಹತ್ತಿ ಬ್ಯೂಲಿಗೆ ಹೋಗಿ ಶೋನಾಳ ಮನೆಯಲ್ಲಿ ಮೂರು ವಾರ ಇದ್ದು ಬಂದಿದ್ದಳು. ಓಟ್ಸ್ ರೊಟ್ಟಿಗೆ ಸಕ್ಕರೆ ಹಾಕಬೇಕೋ ಬೇಡವೋ ಎಂದು ಇಬ್ಬರೂ ದಿನಾ ಜಗಳವಾಡಿದರಂತೆ.

ಅವಳು ಊರಿಗೆ ಮರಳಿದ ಹತ್ತನೇ ದಿನ ಅಂಚೆಯವನು ಬಾಗಿಲಿಗೆ ಬಂದು ಬ್ಯೂಲಿಯ ಮುದ್ರೆಯಿದ್ದ ಲಕೋಟೆ ತಿರುಗಿಸಿ ನೋಡುತ್ತ ನಿಂತ. "ಎಫಿ ಬಿಸೆಟ್ ಅಂತಿದೆ. ಇದ್ಯಾರಮ್ಮ ನಿಮ್ಮನೇಲಿ ಹೊಸಬ್ರು?"

"ಹೊಸಬಳಲ್ಲ, ತುಂಬಾ ಹಳಬಳು," ಎಂದು ಚಿಕ್ಕಮ್ಮ ಕೈ ಚಾಚಿದಳು. "ಕೊಡಪ್ಪ ಇಲ್ಲಿ."