ದೊಡ್ಡಮ್ಮನ ಎಡಗೈ

ದೊಡ್ಡಮ್ಮನ ಎಡಗೈ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಮುಗಿದುಹೋಗಿತ್ತು. ತುದಿ ನುಣ್ಣಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಆದರೂ ಜಗಲಿಯಲ್ಲಿ ಯಾರಾದರೂ ಆ ಪಕ್ಕ ಕೂತರೆ, "ಅತ್ಲಾಗೆ ಸರ್ಕೊ, ಬೆರಳ ಮೇಲೆ ಕೂತಿದೀಯ" ಎನ್ನುತ್ತಿದ್ದಳು. ತಮಾಷೆಗಲ್ಲ. ಮೊದಲ ಸಲ ಕೇಳಿದಾಗ ನನಗೆ ನಿಜಕ್ಕೂ ಭಯವಾಗಿತ್ತು.

ಗುಬ್ಬಿ ಹತ್ತಿರದ ತೆಂಗಿನ ನಾರಿನ ಮಿಲ್ಲಿನಲ್ಲಿ ಯಂತ್ರ ಆ ಕೈಯನ್ನು ಎಳೆದುಕೊಂಡಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದದ್ದನ್ನು ದೊಡ್ಡಪ್ಪ ಬಟ್ಟೆಯಲ್ಲಿ ಸುತ್ತಿ ತಂದು ತೋಟದ ಮೂಲೆಯಲ್ಲಿ ಹೂತರು. ಬೆರಳುಗಳು ಮಡಚಿಕೊಂಡಿದ್ದವಂತೆ, ಬಿಡಿಸಲು ಅವರಿಗೆ ಧೈರ್ಯ ಬರಲಿಲ್ಲ. ಅಂದಿನಿಂದ ದೊಡ್ಡಮ್ಮನ ಇಲ್ಲದ ಕೈ ಮುಷ್ಟಿ ಬಿಗಿದೇ ಇತ್ತು. ಉಗುರು ಅಂಗೈಗೆ ಇಳಿಯುತ್ತಿದೆ ಎಂದು ಊಟದ ನಡುವೆ ಎದ್ದುಬಿಡುತ್ತಿದ್ದಳು.

ನೋವಿಗಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದದ್ದು ಪೂಜೆ. ನಮ್ಮಲ್ಲಿ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಬೇಕು. ಸತ್ತವರನ್ನು ಮಣ್ಣಿಗೆ ಇಳಿಸುವಾಗಲೂ ಅದು ಅಲ್ಲೇ ಇರಬೇಕು. "ಮುಷ್ಟಿ ಬಿಗಿದಿರೋ ಕೈಲಿ ಲಿಂಗ ಎಲ್ಲಿ ಇಟ್ಕೊಳ್ಲೇ? ಹಿಂಗೇ ಸತ್ರೆ?" ಎಂದು ಕೇಳುತ್ತಿದ್ದಳು. ಹೂತ ಕೈಯನ್ನು ಅಗೆದು ಬೆರಳು ಬಿಡಿಸಿ ಎಂದು ದೊಡ್ಡಪ್ಪನ ಜೀವ ತಿಂದಳು. ಒಂದು ಮಧ್ಯಾಹ್ನ ನಾನು ಹೋದಾಗ ಅವರು ಗುದ್ದಲಿ ಹಿಡಿದು ಹೊರಟೇಬಿಟ್ಟಿದ್ದರು.

ಸ್ವಲ್ಪ ದಿನ ತಡೆಯಿರಿ ಎಂದು ಬೇಡಿಕೊಂಡೆ. ಆಗ ನಾನು ತುಮಕೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದೆ, ನರಗಳ ದಾರಿಯೆಲ್ಲ ಬಾಯಿಪಾಠ. ಮೋಟುಕೈಯ ಒಳಬದಿಯನ್ನು ಮೆಲ್ಲಗೆ ತಟ್ಟಿದೆ. ಇಲ್ಲದ ಕಿರುಬೆರಳು ಜುಮ್ಮೆಂದಿತು ಎಂದಳು. ಆ ನರ ಹೋಗುವುದೂ ಕಿರುಬೆರಳಿಗೇ. ಕಡಿದ ತುದಿಯಲ್ಲಿ ನರ ಗಂಟುಕಟ್ಟಿರುತ್ತದೆ, ಮಿದುಳಿನಲ್ಲಿ ಕೈಯ ಜಾಗ ಇನ್ನೂ ಹಾಗೇ ಇದೆ ಎಂದೆಲ್ಲ ವಿವರಿಸಿದೆ.

"ಹಂಗಾದ್ರೆ ಕೈ ಐತೆ ಅಂತ್ಲೇ ಆಯ್ತಲ್ಲ, ಬುಡು" ಎಂದಳು. 

ಅವಳ ಎದೆಯ ನೇರಕ್ಕೆ, ಎರಡು ಕೈಗಳ ನಡುವೆ, ಬಲಗೈಗೆ ಮುಖಮಾಡಿ ಕನ್ನಡಿಯೊಂದನ್ನು ನಿಲ್ಲಿಸಿದೆ. ಮೋಟುಕೈ ಅದರ ಹಿಂದೆ ಮರೆಯಾಯಿತು. ಬಲಗೈಯ ಬಿಂಬವೇ ಎಡಗೈಯಂತೆ ಕಾಣತೊಡಗಿತು. ಬಿಂಬವನ್ನೇ ನೋಡುತ್ತಾ ಬಲಗೈ ಮುಷ್ಟಿ ಬಿಗಿದು ಬಿಚ್ಚಬೇಕು, ಬಿಚ್ಚಿದ್ದು ಎಡಗೈ ಎಂದು ಮಿದುಳು ನಂಬಬೇಕು. ವಾರಗಟ್ಟಲೆ ಏನೂ ಆಗಲಿಲ್ಲ. ದೊಡ್ಡಪ್ಪ ಮತ್ತೆ ಗುದ್ದಲಿಯ ಕಡೆ ನೋಡತೊಡಗಿದ್ದರು.

ಒಂದು ಬೆಳಿಗ್ಗೆ ಅವಳ ಮುಖದ ಬಿಗಿಯೆಲ್ಲ ಸಡಿಲಾಯಿತು. "ಬಿಚ್ಕೊಂತು ಕಣೇ. ಬೆರಳ ಸಂದೀಲಿ ಗಾಳಿ ಆಡ್ತೈತೆ."

ಲಿಂಗವನ್ನು ಬಲ ಅಂಗೈಯಲ್ಲಿಟ್ಟುಕೊಂಡಳು. ಕನ್ನಡಿಯಲ್ಲಿ ಅದು ಎಡಗೈಯಲ್ಲಿತ್ತು. ದೊಡ್ಡಪ್ಪ ವಿಭೂತಿ ಹಚ್ಚಿ ಪತ್ರೆ ಇಟ್ಟರು. "ತಣ್ಣಗೈತೆ" ಎಂದಳು. ನಾನು ಕನ್ನಡಿಯ ಹಿಂದೆ ಬಗ್ಗಿ ನೋಡಿದೆ. ಅಲ್ಲಿ ಮೋಟುಕೈ, ಭಾರ ಹೊತ್ತಂತೆ ಸಣ್ಣಗೆ ನಡುಗುತ್ತಿತ್ತು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಗುಂಡಿಯೊಳಗೆ ಕೂರಿಸಿದ ಮೇಲೆ ಅಯ್ಯನವರು ಲಿಂಗವನ್ನು ಬಲಗೈಗೆ ಇಡಲು ಹೋದರು.

"ಎಡಗೈಗೇ ಇಡಿ ಅಯ್ನೋರೆ" ಎಂದರು ದೊಡ್ಡಪ್ಪ. "ಅದು ಬಿಚ್ಕೊಂಡೈತೆ."

ಅಯ್ಯನವರು ಅವಳ ಬಲಗೈ ಬಿಟ್ಟರು. ಆಮೇಲೆ ಮೋಟುಕೈಯ ಮುಂದೆ, ಮಡಿಲ ಮೇಲೆ, ಅಂಗೈ ಇರಬೇಕಾದ ಜಾಗದಲ್ಲಿ ಲಿಂಗವನ್ನು ಇಟ್ಟರು.

ನಾನು ಕಲಿತ ವಿದ್ಯೆಯಲ್ಲಿ ಅವಳ ಋಣ ದೊಡ್ಡದು. ಈಗ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರ ಮಂಚದ ಅಂಚಿಗೆ ಕೂರುವ ಮುಂಚೆ, ಇಲ್ಲಿ ಕೂರಬಹುದಾ ಎಂದು ಕೇಳುತ್ತೇನೆ. ಕೆಲವರು ಖಾಲಿ ಹಾಸಿಗೆಯನ್ನು ನೋಡಿ, ಸ್ವಲ್ಪ ಆಚೆ ಸರಿದು ಕೂತ್ಕೊಳ್ಳಿ ಎನ್ನುತ್ತಾರೆ. ನಾನು ಸರಿದು ಕೂರುತ್ತೇನೆ.