ತನಗೆ ಕೇಳಿಸದಿರುವುದನ್ನು ಗೋಡೆಗೆ ತೂಗುಹಾಕಿದ ಕಿವಿಯಕ್ಕ

ಬೆಳಗಿನ ಐದೂಕಾಲು. ಬೀದಿಗೆ ಹಾಲಿನ ವ್ಯಾನು ಇನ್ನೂ ಬಂದಿಲ್ಲ. ಮೂರನೆಯ ಮಹಡಿಯ ಮನೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಮೊದಲು ಫ್ರಿಜ್ಜಿನ ಸ್ವಿಚ್ಚು ಆರಿಸುತ್ತಾರೆ. ಆಮೇಲೆ ಗೋಡೆ ಗಡಿಯಾರದ ಬ್ಯಾಟರಿ ತೆಗೆದು ಮೇಜಿನ ಮೇಲಿಡುತ್ತಾರೆ. ಹಿಂಬದಿಯ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಎರಡು ಸ್ಪೀಕರುಗಳ ಎದುರು ಕೂರುತ್ತಾರೆ. ಐದು ನಿಮಿಷ ಏನನ್ನೂ ನುಡಿಸುವುದಿಲ್ಲ, ಸುಮ್ಮನೆ ಕೂತಿರುತ್ತಾರೆ.

"ರಾತ್ರಿಯೆಲ್ಲ ಕಿವಿಗೆ ರಜೆ ಸಿಕ್ಕಿರುತ್ತೆ. ಈ ಹೊತ್ತಲ್ಲಿ ಅದು ಸುಳ್ಳು ಹೇಳಲ್ಲ. ಹತ್ತು ಗಂಟೆ ಆದ್ಮೇಲೆ ನನ್ನ ಕಿವೀನ ನಾನೇ ನಂಬಲ್ಲ" ಎನ್ನುತ್ತಾರೆ ಅವರು.

ಬಡಾವಣೆಯವರು ಇವರನ್ನು ಕರೆಯುವುದು ಕಿವಿಯಕ್ಕ ಎಂದು. ವೃತ್ತಿ, ಹಾಡುಗಳ ಮಾಸ್ಟರಿಂಗ್. ಹಾಡುಗಾರರು ಹಾಡಿ, ವಾದ್ಯದವರು ನುಡಿಸಿ, ಎಲ್ಲವನ್ನೂ ಸೇರಿಸಿ ಹದ ಮಾಡಿದ ಮೇಲೆ, ಅದು ಜನರ ಕಿವಿಗೆ ಬೀಳುವ ಮೊದಲು ಆಗುವ ಕೊನೆಯ ತಪಾಸಣೆ ಮತ್ತು ಕೊನೆಯ ತಿದ್ದುಪಡಿ ಅದು. ಪುಸ್ತಕಕ್ಕೆ ಕರಡು ತಿದ್ದುವವರು ಹೇಗೋ ಹಾಡಿಗೆ ಇವರು ಹಾಗೆ. ಹನ್ನೊಂದು ವರ್ಷಗಳಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಹಾಡುಗಳು ಈ ಕೋಣೆಯಿಂದ ಹೊರಗೆ ಹೋಗಿವೆ. ಇವರ ಹೆಸರು ಅಚ್ಚಾಗಿರುವುದು ಹತ್ತೊಂಬತ್ತರಲ್ಲಿ ಮಾತ್ರ. ಹಾಡುಗಾರರ ಉಡುಪು ಹೊಲಿದವರಿಗೆ, ಚಿತ್ರ ತೆಗೆದವರಿಗೆ, ಕಾರು ಕೊಟ್ಟವರಿಗೆ ಧನ್ಯವಾದ ಹೇಳುವ ಈ ಕ್ಷೇತ್ರ, ಹಾಡನ್ನು ಕೇಳುವಂತೆ ಮಾಡಿದವರನ್ನು ಮರೆಯುತ್ತದೆ. ಇದನ್ನು ಮರೆವು ಎನ್ನುವುದು ಔದಾರ್ಯವಾದೀತು, ಇದು ಕೃತಘ್ನತೆ.

ಇವರು ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಶ್ರವಣಯಂತ್ರ ಮಾರುವ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷ ಜನರ ಕಿವಿ ಪರೀಕ್ಷೆ ಮಾಡಿದವರು. ಗಂಡ ಸಿಕ್ಕಿದ್ದೂ ಅಲ್ಲೇ. ಅವರು ಅಚ್ಚುಕೂಟದ ಕೆಲಸಗಾರರು. ಯಂತ್ರದ ಸದ್ದಿಗೆ ಕಿವಿ ಮಂದವಾಗಿ ಪರೀಕ್ಷೆಗೆ ಬಂದಿದ್ದರು.

"ಶಬ್ದ ಕೇಳಿದಾಗ ಗುಂಡಿ ಒತ್ತಿ ಅಂದ್ಲು. ಹುಡುಗಿ ಮುಂದೆ ಕಿವುಡ ಅನ್ನಿಸ್ಕೊಳ್ಳೋಕೆ ನಾಚಿಕೆ ಆಗಿ, ಕೇಳಿಸದೇ ಇದ್ರೂ ಒತ್ತಿದೆ. ಹಿಡಿದುಬಿಟ್ಲು ನೋಡಿ! ಅವತ್ತಿಂದ ಸುಳ್ಳು ಹೇಳೋದು ಬಿಟ್ಟಿದ್ದೀನಿ" ಎಂದು ಗಂಡ ನಗುತ್ತಾರೆ.

"ಬಿಟ್ಟಿಲ್ಲ. ಬೇಡದ ಮಾತು ಬಂದಾಗ ಈಗ್ಲೂ ಕೇಳಿಸ್ಲಿಲ್ಲ ಅಂತಾರೆ" ಎಂದು ಕೋಣೆಯೊಳಗಿಂದ ಉತ್ತರ ಬರುತ್ತದೆ.

ಅಂಗಡಿ ಮುಚ್ಚಿದಾಗ ಕೈಯಲ್ಲಿದ್ದದ್ದು ಪಳಗಿದ ಕಿವಿಯೊಂದೇ. ಸೆಕೆಂಡ್ ಹ್ಯಾಂಡ್ ಸ್ಪೀಕರು ಕೊಂಡರು. ಅಚ್ಚುಕೂಟದಲ್ಲಿ ಮಾರಾಟವಾಗದೆ ಉಳಿದ ಪಠ್ಯಪುಸ್ತಕಗಳನ್ನು ಗಂಡ ಹೊತ್ತು ತಂದರು. ಕೋಣೆಯ ಮೂರು ಗೋಡೆಗೆ ನೆಲದಿಂದ ಸೂರಿನವರೆಗೆ ಅವೇ ಪ್ರತಿಧ್ವನಿ ತಡೆಯುವ ಹೊದಿಕೆ. ಮೊದಲ ಎರಡು ವರ್ಷ ತಿಂಗಳಿಗೆ ನಾಲ್ಕು ಹಾಡು ಬಂದರೆ ಹೆಚ್ಚು. ಈಗ ದಿನಕ್ಕೆ ಹೆಚ್ಚೆಂದರೆ ಮೂರು ಹಾಡು. ನಾಲ್ಕನೆಯದನ್ನು ಎಷ್ಟು ಕೊಟ್ಟರೂ ಮುಟ್ಟುವುದಿಲ್ಲ. ಇಪ್ಪತ್ತೈದು ನಿಮಿಷ ಕೇಳಿದರೆ ಹತ್ತು ನಿಮಿಷ ವಿರಾಮ. ದೊಡ್ಡ ಸ್ಟುಡಿಯೋದಲ್ಲಿ ಒಂದು ಹಾಡಿಗೆ ಆಗುವ ಖರ್ಚಿನಲ್ಲಿ ಇಲ್ಲಿ ಐದು ಹಾಡು ಮುಗಿಯುತ್ತವೆ.

ನಾಲ್ಕನೆಯ ಗೋಡೆಯಲ್ಲಿ, ಗಿರಾಕಿ ಕೂರುವ ಕುರ್ಚಿಗೆ ನೇರವಾಗಿ, ಚೌಕಟ್ಟು ಹಾಕಿದ ಹಾಳೆಯೊಂದಿದೆ. ಅದು ಪ್ರಶಸ್ತಿಪತ್ರವಲ್ಲ, ಕಿವಿಯಕ್ಕನ ಸ್ವಂತ ಕಿವಿಯ ಪರೀಕ್ಷಾ ವರದಿ. ಆರು ತಿಂಗಳಿಗೊಮ್ಮೆ ಹೊಸದು ಬರುತ್ತದೆ. ಅತಿ ಸಣ್ಣ, ಅತಿ ಮೇಲಿನ ಸ್ವರಗಳು ಇವರಿಗೆ ಕೇಳಿಸುವುದಿಲ್ಲವೆಂದು ಅದರ ಗೆರೆ ಸಾರುತ್ತದೆ. ಸೆಕೆಂಡಿಗೆ ಹನ್ನೊಂದು ಸಾವಿರ ಕಂಪನ ದಾಟಿದರೆ ಪೂರ್ತಿ ಮೌನ. ತನ್ನ ಕೊರತೆಗೆ ಚೌಕಟ್ಟು ಹಾಕಿಸಿ ಗಿರಾಕಿಯ ಕಣ್ಣೆದುರು ತೂಗುಹಾಕುವ ವೃತ್ತಿಪರರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಕಳೆದ ವಾರ ಆ ಹಾಳೆಯನ್ನು ಕಂಡು ಹೊರಟುನಿಂತವರು ಒಬ್ಬ ದಾದಿ. ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ಇಪ್ಪತ್ತೊಂದು ವರ್ಷ ತೊಟ್ಟಿಲಿನಿಂದ ತೊಟ್ಟಿಲಿಗೆ ಹೋಗಿ ಜೋಗುಳ ಗುನುಗಿದವರು. ಮಂಡಿನೋವಿನಿಂದಾಗಿ ಈ ತಿಂಗಳ ಕೊನೆಗೆ ಅವರಿಗೆ ಕೂತು ಮಾಡುವ ಕೆಲಸಕ್ಕೆ ವರ್ಗ. ತಾನು ಹೋದರೂ ದನಿ ವಾರ್ಡಿನಲ್ಲಿ ಉಳಿಯಲಿ ಎಂದು ಏಳು ಜೋಗುಳ ರೆಕಾರ್ಡ್ ಮಾಡಿಸಿದ್ದರು. ದೊಡ್ಡ ಸ್ಟುಡಿಯೋದ ದರ ಕೇಳಿ ಹಿಂದೆ ಸರಿದು, ಯಂತ್ರವೇ ಹಾಡು ತಿದ್ದಿಕೊಡುವ ಅಂತರಜಾಲದ ಸೇವೆಯೊಂದಕ್ಕೆ ಕಳಿಸಿದ್ದರು. ಯಂತ್ರ ನಾಲ್ಕೇ ನಿಮಿಷದಲ್ಲಿ ಮುಗಿಸಿಕೊಟ್ಟಿತು. ಭರ್ಜರಿಯಾಗಿ, ಜೋರಾಗಿ ಕೇಳಿತು, ದಾದಿ ಹಿಗ್ಗಿದರು.

ವಾರ್ಡಿನಲ್ಲಿ ಅದನ್ನು ಹಾಕಿ ಎರಡು ನಿಮಿಷವಾಗಿರಲಿಲ್ಲ, ಹನ್ನೆರಡು ಕೂಸುಗಳಲ್ಲಿ ಒಂಬತ್ತು ಒಟ್ಟಿಗೆ ಕಿರುಚಿಕೊಂಡವು. ವಾರ್ಡಿನ ವೈದ್ಯೆ ಕೇಳಿದ್ದು ಒಂದೇ ಮಾತು: "ಸಿಸ್ಟರ್, ಇದು ಜೋಗುಳನೋ ಮೆರವಣಿಗೆನೋ?" ಬೇಡಿಕೊಂಡ ಮೇಲೆ ಇನ್ನೊಂದೇ ಒಂದು ಅವಕಾಶ ಸಿಕ್ಕಿತು. ಅದೂ ಕೈತಪ್ಪಿದರೆ ಆ ದನಿಗೆ ವಾರ್ಡಿನಲ್ಲಿ ಜಾಗವಿಲ್ಲ.

ಅಂಥ ಆತಂಕದಲ್ಲಿ ಬಂದವರ ಕಣ್ಣಿಗೆ ಗೋಡೆಯ ವರದಿ ಬಿತ್ತು. ದಾದಿಗೆ ಅದನ್ನು ಓದಲು ಬರುತ್ತದೆ.

"ಅಕ್ಕ, ನಿಮಗೆ ಇಲ್ಲಿಂದ ಆಚೆಗೆ ಏನೂ ಕೇಳ್ಸೋದೇ ಇಲ್ವಲ್ಲ!"

"ಇಲ್ಲ."

"ಅದನ್ನ ಗೋಡೆಗೆ ಬೇರೆ ಹಾಕ್ಕೊಂಡಿದ್ದೀರಾ?"

"ಬೀರುವಲ್ಲಿಟ್ಟು ಬೀಗ ಹಾಕಿದ್ರೆ ಕೇಳ್ಸುತ್ತಾ, ಸಿಸ್ಟರ್?"

ದಾದಿ ಚೀಲ ಹೆಗಲಿಗೇರಿಸಿದರು. ಕಿವಿಯಕ್ಕ ತಡೆಯಲಿಲ್ಲ. ಎರಡು ಫೈಲುಗಳನ್ನು ಮಾತ್ರ ಒಂದಾದ ಮೇಲೊಂದು ನುಡಿಸಿದರು: ದಾದಿಯ ಮೂಲ ಹಾಡು, ಮತ್ತು ಯಂತ್ರ ತಿದ್ದಿದ ಹಾಡು. ಆದರೆ ಎರಡನೆಯದರ ಸದ್ದನ್ನು ಮೊದಲನೆಯದರ ಮಟ್ಟಕ್ಕೆ ಇಳಿಸಿದ್ದರು. ಅಷ್ಟೇ ಸಾಕಾಯಿತು. ಭರ್ಜರಿ ಎನಿಸಿದ್ದ ಹಾಡು ಈಗ ಬಿಗಿಯಾಗಿ, ಉಸಿರು ಕಟ್ಟಿದಂತೆ ಕೇಳಿತು.

"ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತೆ. ಯಾರ ಹತ್ರ ಮಾಡಿಸಿದ್ರೂ ಸರಿ, ಎರಡನ್ನೂ ಒಂದೇ ಸದ್ದಿಗೆ ತಂದು ಕೇಳಿ. ಆಮೇಲೆ ಆರಿಸ್ಕೊಳ್ಳಿ. ನಾನೂ ಒಂದು ಹಾಡು ಮಾಡಿಕೊಡ್ತೀನಿ. ಹಿಡಿಸ್ಲಿಲ್ಲ ಅಂದ್ರೆ ಮಿಕ್ಕಿದ್ದನ್ನ ತಗೊಂಡು ಹೋಗಿ."

ಜೋರನ್ನೇ ಗುಣವೆಂದು ಮಾರುವವರಿಗೂ, ಅದನ್ನೇ ನಂಬಿ ಕೊಳ್ಳುವ ನಮಗೂ ಆ ಒಂದು ಮಾತು ತಕ್ಕ ಪಾಠ. ದಾದಿ ಚೀಲ ಕೆಳಗಿಟ್ಟು ಕೂತರು.

ಹಾಡು ಮುಟ್ಟುವ ಮೊದಲು ಕಿವಿಯಕ್ಕ ಪ್ರತಿಯೊಬ್ಬರನ್ನೂ ಕೇಳುವ ಪ್ರಶ್ನೆ ಒಂದಿದೆ: ಇದನ್ನು ಯಾರು ಕೇಳುತ್ತಾರೆ, ಯಾವುದರಲ್ಲಿ ಕೇಳುತ್ತಾರೆ? ಉತ್ತರ ಹುಡುಕಿಕೊಂಡು ಮರುದಿನ ಕಿವಿಯಕ್ಕನೇ ವಾರ್ಡಿಗೆ ಹೋಗುತ್ತಾರೆ. ಗೋಡೆಯಲ್ಲಿರುವುದು ಅಂಗೈಯಗಲದ ಸ್ಪೀಕರು. ತೊಟ್ಟಿಲಿನ ಪಕ್ಕ ಮಂಡಿಯೂರಿ, ಕೂಸಿನ ತಲೆಯಿರುವ ಎತ್ತರಕ್ಕೆ ತಮ್ಮ ಕಿವಿ ತಂದು ಆಲಿಸುತ್ತಾರೆ. "ಯಾರವ್ವ ಇದು, ತೊಟ್ಟಿಲು ರಿಪೇರಿಗೆ ಸುತ್ತಿಗೆ ಇಲ್ಲದೆ ಬಂದ ಬಡಗಿ?" ಎಂದು ಆಯಾ ನಕ್ಕಿದ್ದನ್ನು ಕಿವಿಯಕ್ಕ ಹೇಳಿಕೊಂಡು ನಗುತ್ತಾರೆ.

ಈ ಬೆಳಿಗ್ಗೆ ಅವರ ಮುಂದಿರುವುದು ಆ ಏಳರಲ್ಲಿ ಮೊದಲ ಜೋಗುಳ, ಯಂತ್ರ ಮುಟ್ಟದ ಮೂಲ ಹಾಡು. ಮೂರು ಸಲ ಕೇಳುತ್ತಾರೆ. ದನಿ ಇಂಪಾಗಿದೆ, ತಪ್ಪೇನೂ ಕೇಳಿಸುವುದಿಲ್ಲ. ಬೇರೆಯವರಾದರೆ ಇಲ್ಲಿಗೆ ಮುಗಿಸುತ್ತಿದ್ದರು. ಕಿವಿಯಕ್ಕ ಮುಗಿಸುವುದಿಲ್ಲ. ತನಗೆ ಎಲ್ಲಿಂದಾಚೆಗೆ ಕೇಳಿಸದೆಂದು ಗೊತ್ತಿರುವುದರಿಂದ, ಆ ಜಾಗವನ್ನು ಪರದೆಯ ಮೇಲೆ ಕಣ್ಣಿನಿಂದ ಹುಡುಕುತ್ತಾರೆ. ಅಲ್ಲಿ, ಹದಿನಾಲ್ಕು ಸಾವಿರ ಕಂಪನದ ಹತ್ತಿರ, ಕೂದಲೆಳೆಯಂಥ ಗೆರೆಯೊಂದು ಹಾಡಿನ ಉದ್ದಕ್ಕೂ ಎಳೆದಂತಿದೆ. ಹಾಡಿನ ವೇಗವನ್ನು ಅರ್ಧಕ್ಕಿಳಿಸಿ ನುಡಿಸುತ್ತಾರೆ. ದಾದಿಯ ದನಿ ಗಂಡಸಿನ ದನಿಯಾಗುತ್ತದೆ. ಮೇಲಿದ್ದ ಸದ್ದು ಕಿವಿಗೆಟುಕುವಷ್ಟು ಕೆಳಗಿಳಿಯುತ್ತದೆ: ಕೀಂ ಎಂಬ ಒಂದೇ ಸಮನಾದ ಸೊಳ್ಳೆಯ ಸದ್ದು. ಯಂತ್ರ ತಿದ್ದಿದ ಹಾಡನ್ನೂ ತೆರೆದು ನೋಡುತ್ತಾರೆ: ಮೆಲುದನಿಗಳನ್ನೆಲ್ಲ ಜೋರು ಮಾಡಿದ ಯಂತ್ರ ಇದನ್ನೂ ಜೋರು ಮಾಡಿದೆ.

ಫೋನಿನಲ್ಲಿ ವಿಚಾರಣೆ ನಡೆಯುತ್ತದೆ.

"ಸಿಸ್ಟರ್, ಹಾಡುವಾಗ ಮೈಕಿನ ಹತ್ರ ಏನು ಪ್ಲಗ್ ಹಾಕಿದ್ರಿ?"

"ಏನೂ ಇಲ್ಲ ಅಕ್ಕ. ಫ್ಯಾನ್ ಸಮೇತ ಆರಿಸಿದ್ವಿ."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಅಯ್ಯೋ! ನನ್ನ ಮೊಬೈಲ್ ಚಾರ್ಜಿಗಿತ್ತು. ಅದೂ ಸದ್ದು ಮಾಡುತ್ತಾ?"

"ನಿಮಗೂ ನನಗೂ ಮಾಡಲ್ಲ. ನಮಗೆ ವಯಸ್ಸಾಯ್ತು. ನಿಮ್ಮ ಗಿರಾಕಿಗಳಿಗೆ ಎರಡೇ ದಿನ!"

ಗೆರೆಯನ್ನು ಹಾಡಿನಿಂದ ಎಳೆಎಳೆಯಾಗಿ ತೆಗೆಯುತ್ತಾರೆ. ಯಂತ್ರದಂತೆ ಸದ್ದು ಏರಿಸದೆ ದನಿಗೆ ಉಸಿರಾಡಲು ಜಾಗ ಬಿಡುತ್ತಾರೆ. ಆ ಒಂದು ಹಾಡು ಹಿಡಿಸಿ ದಾದಿ ಮಿಕ್ಕ ಆರನ್ನೂ ಒಪ್ಪಿಸುತ್ತಾರೆ. ಆರನೆಯ ಜೋಗುಳದಲ್ಲಿ ಬಳೆ ಮೈಕಿಗೆ ತಾಗಿದ್ದನ್ನು ಮಾತ್ರ ತಿದ್ದಲು ಒಪ್ಪುವುದಿಲ್ಲ. "ಇದು ನನ್ನ ಕೈಲಾಗಲ್ಲ. ಆಗುತ್ತೆ ಅಂತ ಹೇಳಿ ದುಡ್ಡು ತಗೋಬಹುದಿತ್ತು. ಬಳೆ ಬಿಚ್ಚಿಟ್ಟು ಇನ್ನೊಂದು ಸಲ ಹಾಡಿಬಿಡಿ" ಎನ್ನುತ್ತಾರೆ. ದಾದಿ ಬಳೆ ಬಿಚ್ಚಿಟ್ಟು ಮತ್ತೆ ಹಾಡುತ್ತಾರೆ. ಹಾಗಾದರೆ ಕೂಸುಗಳು ಅತ್ತದ್ದು ಆ ಸಣ್ಣ ಸದ್ದಿಗೋ, ಜೋರಿಗೋ? "ನನಗೆ ಗೊತ್ತಿಲ್ಲ. ಅವು ಹೇಳೋ ಹಾಗಿಲ್ಲ. ಅದಕ್ಕೇ ಎರಡನ್ನೂ ತೆಗೆದೆ." ಗೊತ್ತಿಲ್ಲ ಎನ್ನಲು ಬೇಕಾದ ಧೈರ್ಯ ದೊಡ್ಡ ದೊಡ್ಡ ಪೀಠಗಳಲ್ಲಿ ಕೂತವರಿಗೂ ಇಲ್ಲದ ಕಾಲವಿದು.

ನಾಲ್ಕು ದಿನಗಳ ನಂತರ ಮಧ್ಯಾಹ್ನ, ವೈದ್ಯೆ ಕೈಕಟ್ಟಿ ನಿಂತಿರುವಾಗಲೇ ವಾರ್ಡಿನಲ್ಲಿ ಜೋಗುಳ ಶುರುವಾಗುತ್ತದೆ. ಇತ್ತ ಕಿವಿಯಕ್ಕ ಗಡಿಯಾರ ನೋಡುತ್ತಾ ತರಕಾರಿ ಹೆಚ್ಚುತ್ತಾರೆ. "ಅದೇ ಈರುಳ್ಳೀನ ಎಷ್ಟು ಸಲ ಹೆಚ್ತೀಯ?" ಎಂದು ಗಂಡ ಕಿಚಾಯಿಸುತ್ತಾರೆ. ಅರ್ಧ ಗಂಟೆ ಕಳೆದು ಫೋನು ಬರುತ್ತದೆ. ದಾದಿಯ ದನಿ ಪಿಸುಮಾತಿಗಿಂತ ಮೆಲ್ಲಗಿದೆ.

"ಒಂದೇ ಒಂದು ಕೂಸು ಅತ್ತಿದ್ದು ಅಕ್ಕ, ಅದೂ ಹಾಲಿಗೆ. ಮಿಕ್ಕಿದ್ದೆಲ್ಲ ಮಲಗಿವೆ. ನಾಳೇನೂ ಹಾಕಿ ಅಂದ್ರು ಡಾಕ್ಟ್ರು. ನಾಳೆ ಅಲ್ಲ, ದಿನಾ ಹಾಕಿ ಅಂದ್ರು!"

ಕಿವಿಯಕ್ಕ ಚಾಕು ಕೆಳಗಿಡುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಈರುಳ್ಳಿಯ ಕಡೆ ಬೆರಳು ತೋರಿಸುತ್ತಾರೆ.

"ಸ್ಪೀಕರಿನ ಕೆಳಗೆ ಒಂದು ಬೋರ್ಡ್ ಹಾಕಿಸ್ತಾ ಇದ್ದೀನಿ" ಎನ್ನುತ್ತಾರೆ ದಾದಿ. "ನಿಮ್ಮ ಹೆಸರು ಹೇಗೆ ಬರೀಲಿ ಹೇಳಿ."

"ಬೋರ್ಡ್ ಎಷ್ಟು ದೊಡ್ಡದು?"

"ಎರಡು ಸಾಲು ಹಿಡಿಯುತ್ತೆ."

"ಮೊದಲ್ನೇ ಸಾಲಲ್ಲಿ ನಿಮ್ಮ ಹೆಸರು ಬರೀರಿ, ಹಾಡಿದ್ದು ನೀವು. ಎರಡನೇ ಸಾಲಲ್ಲಿ, ‘ಸದ್ದಿನ ಗುಂಡಿ ಮೂರನ್ನು ದಾಟಬಾರದು’ ಅಂತ ಬರೀರಿ ಸಿಸ್ಟರ್. ದಪ್ಪಕ್ಷರದಲ್ಲಿ."